ಉಲ್ಕೆಯೋ ರಾಕೆಟ್ಟಿನ ಅವಶೇಷವೋ: 2022ರ ಯುಗಾದಿ ಸಂಜೆಯ ಬೆಳಕು ಮತ್ತು ಮುಂಬಯಿಯ ದಿಗಂತ

2022ರ ಏಪ್ರಿಲ್ 2ರಂದು, ಯುಗಾದಿಯ ಸಂಜೆ, ಮಹಾರಾಷ್ಟ್ರ ಮತ್ತು ಮಧ್ಯಪ್ರದೇಶದ ಆಕಾಶದಲ್ಲಿ ಉರಿಯುತ್ತ ಸಾಗಿದ ಬೆಳಕಿನ ಸಾಲನ್ನು ಹಲವರು ಉಲ್ಕೆಯೆಂದೇ ತಿಳಿದರು. ಅದೇ ಸಂಜೆ ನ್ಯೂಜಿಲೆಂಡಿನಿಂದ ಹಾರಿದ ಎಲೆಕ್ಟ್ರಾನ್ ರಾಕೆಟ್ಟಿನ ಭಾಗವಿರಬಹುದೆಂಬ ಊಹೆಯೂ ಮೊದಲಿಗೆ ಕೇಳಿಬಂತು. ಖಗೋಳವಿಜ್ಞಾನಿ ಜೊನಾಥನ್ ಮೆಕ್‌ಡೊವೆಲ್ ಅದನ್ನು 2021ರ ಫೆಬ್ರವರಿಯಲ್ಲಿ ಹಾರಿದ್ದ ಚೀನಾದ ಚಾಂಗ್ ಝೆಂಗ್ 3ಬಿ ರಾಕೆಟ್ಟಿನ ಮೂರನೇ ಹಂತವೆಂದು ಗುರುತಿಸಿದರು. ಚಂದ್ರಪುರ ಜಿಲ್ಲೆಯ ಸಿಂದೇವಾಹಿ ತಾಲ್ಲೂಕಿನಲ್ಲಿ ಬಿದ್ದ ಸುಮಾರು 3 ಮೀಟರ್ ವ್ಯಾಸದ ಲೋಹದ ಬಳೆ ಇದಕ್ಕೆ ಹೊಂದುತ್ತದೆ. ಎಲೆಕ್ಟ್ರಾನಿನ ವ್ಯಾಸ 1.2 ಮೀಟರ್ ಮಾತ್ರ.

ಚರ್ಚಿಸಬೇಕಾದ ಪ್ರಶ್ನೆ ಬೇರೆ: ಬಳೆ ಸಿಗದೇ ಹೋಗಿದ್ದರೆ ಬರಿಗಣ್ಣಿನ ಸಾಕ್ಷ್ಯ ಸಾಕಾಗುತ್ತಿತ್ತೇ? ಸಾಕಾಗುತ್ತಿತ್ತೆಂದು ನನ್ನ ವಾದ; ಆದರೆ ಹೊಳಪು, ಬಣ್ಣಗಳ ವರ್ಣನೆಯಿಂದಲ್ಲ, ಅವಧಿಯಿಂದ. ಭೂಕಕ್ಷೆಯಿಂದ ಇಳಿಯುವ ವಸ್ತುವಿನ ವೇಗ ಸೆಕೆಂಡಿಗೆ 8 ಕಿ.ಮೀ. ಒಳಗೆ, ಉಲ್ಕೆಯದು 11 ಕಿ.ಮೀ.ಗಿಂತ ಹೆಚ್ಚು; ಉಲ್ಕೆ ಸಾಮಾನ್ಯವಾಗಿ ಕೆಲವೇ ಸೆಕೆಂಡುಗಳಲ್ಲಿ ಆರಿಹೋಗುತ್ತದೆ. ಪಥವು ಉತ್ತರ ಮಹಾರಾಷ್ಟ್ರದ ಜಳಗಾಂವ್‌ನಿಂದ ಸಿಂದೇವಾಹಿಯತ್ತ ನೇರವಾಗಿತ್ತೆಂದು ಭಾವಿಸಿದರೆ, ಆ ಸುಮಾರು 430 ಕಿ.ಮೀ. ದಾಟಲು ಅವಶೇಷಕ್ಕೆ 55 ಸೆಕೆಂಡು ಬೇಕು. ಗಾಬರಿಯಲ್ಲಿ ನೋಡಿದವರು ಅವಧಿಯನ್ನು ಹಿಗ್ಗಿಸಿ ಹೇಳುತ್ತಾರೆಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಐದು ಸೆಕೆಂಡು ಐವತ್ತಾಗುವಷ್ಟು ಹಿಗ್ಗುವುದು, ಅದೂ ದೂರದೂರದ ಊರುಗಳಲ್ಲಿ ಒಂದೇ ಬಗೆಯಾಗಿ, ಸಂಭವನೀಯವಲ್ಲ. 1972ರ ಆಗಸ್ಟ್ 10ರಂದು ಅಮೆರಿಕ, ಕೆನಡಾಗಳ ಮೇಲೆ ವಾತಾವರಣವನ್ನು ಸವರಿಕೊಂಡು ಹೋದ ಉಲ್ಕೆ ಒಂದು ನಿಮಿಷಕ್ಕೂ ಮಿಕ್ಕಿ ಕಂಡಿತ್ತು, ನಿಜ. ಅಂಥ ವಿರಳ ಅಪವಾದವನ್ನು ಅವಧಿಯೊಂದರಿಂದಲೇ ತಳ್ಳಿಹಾಕಲಾಗದು. ಆಗ ದಿಕ್ಕು, ಎತ್ತರಗಳ ದಾಖಲೆಯಿಂದ ವೇಗವನ್ನು ಲೆಕ್ಕಹಾಕಬೇಕಾಗುತ್ತದೆ.

ಮುಂಬಯಿಯ ಸಾಕ್ಷ್ಯಕ್ಕೆ ಮಹತ್ವ ಬರುವುದು ಇಲ್ಲಿಯೇ. ಜಳಗಾಂವ್‌ನ ನೆತ್ತಿಯ ಮೇಲೆ 80 ಕಿ.ಮೀ. ಎತ್ತರದಲ್ಲಿ ಉರಿಯುವ ವಸ್ತು ಮುಂಬಯಿಗೆ ದಿಗಂತದಿಂದ ಸುಮಾರು 11 ಡಿಗ್ರಿ ಮೇಲಿರುತ್ತದೆ; ಸಿಂದೇವಾಹಿಯ ಮೇಲಿದ್ದರೆ ಬರೀ 3 ಡಿಗ್ರಿ. ದಾದರ್, ಅಂಧೇರಿಯ ಕಟ್ಟಡಗಳ ನಡುವೆ ನಿಂತವರಿಗೆ ಅದು ಕಾಣುವುದು ಕಷ್ಟ. ಆದ್ದರಿಂದ ನಗರದವರು ಕಾಣದಿದ್ದುದು ಪಥದ ವಿರುದ್ಧ ಸಾಕ್ಷ್ಯವಾಗದು. ಆದರೆ ಎತ್ತರದ ಮಹಡಿಯಿಂದ ಈಶಾನ್ಯಕ್ಕೆ ತೆರೆದ ಒಂದು ಕ್ಯಾಮೆರಾದ ದಾಖಲೆ, ಸಿಂದೇವಾಹಿಯಿರುವ ವಿದರ್ಭ ಪ್ರದೇಶದ ಇನ್ನೊಂದರೊಡನೆ ಸೇರಿದರೆ, ಎತ್ತರವನ್ನೂ ವೇಗವನ್ನೂ ತಿಳಿಸಬಲ್ಲದು.

ತುಣುಕುಗಳು ಯಾವ ಎತ್ತರದಲ್ಲಿ ಬೇರ್ಪಟ್ಟವೆಂಬುದನ್ನು ಈ ಲೆಕ್ಕ ಹೇಳದು. ಆ ಪ್ರಶ್ನೆ ತೆರೆದೇ ಇದೆ. ಮುಂದೆ ಇಂಥ ಬೆಳಕನ್ನು ಕಂಡವರು ಬಣ್ಣಕ್ಕಿಂತ ಮೊದಲು ಸಮಯ, ದಿಕ್ಕು, ದಿಗಂತದಿಂದ ಎತ್ತರ ಮತ್ತು ಅವಧಿ, ಈ ನಾಲ್ಕನ್ನು ಬರೆದಿಡಬೇಕು.