ತಾಯಿ ಹುಟ್ಟಿದ್ದು ಕಾಣಕೋಣದಲ್ಲಿ

ಕೇಂದ್ರ ಸರಕಾರದ ನೌಕರಿಗೆ ಸೇರುವವರು ತುಂಬಿಕೊಡಬೇಕಾದ ದೃಢೀಕರಣ ನಮೂನೆಯಲ್ಲಿ ಒಂದು ಕೋಷ್ಟಕವಿದೆ. ತಂದೆ, ತಾಯಿ, ಗಂಡ ಅಥವಾ ಹೆಂಡತಿ, ಒಡಹುಟ್ಟಿದವರು, ಇವರೆಲ್ಲರ ರಾಷ್ಟ್ರೀಯತೆ ಯಾವುದು, ಹುಟ್ಟಿದ ಊರು ಯಾವುದು ಎಂದು ಅದರಲ್ಲಿ ಬರೆಯಬೇಕು. ಕಾರಕೂನಿಕೆಯ ಮೇಜಿನ ಮೇಲೆ ಇಂಥ ಕಾಗದಗಳು ಬೇಕಾದಷ್ಟು ಹಾದುಹೋಗುತ್ತವೆ. ಗದಗ, ಧಾರವಾಡ, ಸೊಲ್ಲಾಪುರ ಎಂದಿದ್ದರೆ ಯಾರ ಕಣ್ಣೂ ಅಲ್ಲಿ ನಿಲ್ಲುವುದಿಲ್ಲ. ಹಳೆಯ ಕಡತವೊಂದರಲ್ಲಿ ‘ತಾಯಿ: ಕಾಣಕೋಣ, 1955’ ಎಂದಿದ್ದರೆ ಮಾತ್ರ ಕೊಂಚ ತಡೆದು ನೋಡಬೇಕಾಗುತ್ತದೆ. ಏಕೆಂದರೆ 1955ರಲ್ಲಿ ಕಾಣಕೋಣ ಪರದೇಶವಾಗಿತ್ತು.

ನಮ್ಮ ಸಂಘದಲ್ಲಿ ಕಾರವಾರ, ಸದಾಶಿವಗಡ, ಖಾನಾಪುರದ ಕಡೆಯ ಕುಟುಂಬಗಳು ಕಡಿಮೆಯೇನಿಲ್ಲ. ನಮ್ಮ ಬಿಬವೇವಾಡಿಯಲ್ಲೇ ಕೆಲವು ಮನೆಗಳಿವೆ. ಇವರಲ್ಲಿ ಅನೇಕರ ತಾಯಿಯೋ ಅಜ್ಜಿಯೋ ಗೋವೆಯವರು. ಆ ಹೆಂಗಸರು ಕಾನೂನಿನ ದೃಷ್ಟಿಯಲ್ಲಿ ಯಾವಾಗ, ಹೇಗೆ ಭಾರತೀಯರಾದರೆಂಬುದು ಮನೆಯವರಿಗೂ ತಿಳಿದಿರುವುದಿಲ್ಲ. ಆ ಕಥೆಯನ್ನು ಇಲ್ಲಿ ಹೇಳುತ್ತೇನೆ.

ಮೊದಲು ಗಡಿಯ ಮಾತು. ಕಾಣಕೋಣ, ಫೋಂಡಾ ಮುಂತಾದ ತಾಲೂಕುಗಳನ್ನು ಪೋರ್ತುಗೀಜರು 1510ರಲ್ಲಿ ಗೆದ್ದವರಲ್ಲ. ಅವು ನಮ್ಮ ಶಿರಸಿಯ ಬಳಿಯ ಸೋಂದೆಯ ಅರಸರ ಸೀಮೆ. ಹೈದರಾಲಿಯ ಸೈನ್ಯ ಸೋಂದೆಯ ಮೇಲೆ ಬಂದಾಗ ಅರಸನು ಗೋವೆಗೆ ಹೋಗಿ ಆಶ್ರಯ ಪಡೆದನು. ಆ ಸೀಮೆ 18ನೆಯ ಶತಮಾನದ ಉತ್ತರಾರ್ಧದಲ್ಲಿ ಪೋರ್ತುಗೀಜರ ಕೈಸೇರಿತು. ಸೋಂದೆಯವರ ಅರಮನೆ ಈಗಲೂ ಫೋಂಡಾದ ನಾಗೇಶಿಯ ಬಳಿ ಇದೆ. 1799ರಲ್ಲಿ ಟಿಪ್ಪು ಮಡಿದ ಮೇಲೆ ಕಾರವಾರ ಇಂಗ್ಲಿಷರದಾಯಿತು. ಹೀಗೆ ಒಂದೇ ಅರಸನ ಪ್ರಜೆಗಳಾಗಿದ್ದವರ ನಡುವೆ, ಮಾಜಾಳಿಗೂ ಪೋಳೆಂಗೂ ಮಧ್ಯೆ, ಎರಡು ಯುರೋಪಿಯನ್ ಸಾಮ್ರಾಜ್ಯಗಳ ಗಡಿ ಬಿತ್ತು. ಕಾರವಾರದ ಎದುರಿಗೇ ಕಾಣುವ ಅಂಜದೀವ ದ್ವೀಪವೂ ಅವರದೇ ಆಗಿ ಉಳಿಯಿತು.

ಗಡಿ ಬಿದ್ದರೂ ನಂಟಸ್ತಿಕೆ ನಿಲ್ಲಲಿಲ್ಲ. ಕಾಣಕೋಣದ ಹೆಣ್ಣು ಸದಾಶಿವಗಡಕ್ಕೆ, ಸದಾಶಿವಗಡದ ಹೆಣ್ಣು ಕಾಣಕೋಣಕ್ಕೆ. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕೆಂಬುದು ನಮ್ಮ ವಾಡಿಕೆಯಷ್ಟೆ. ಅದರಿಂದಾಗಿ ಎಷ್ಟೋ ಮನೆಗಳಲ್ಲಿ ಹಿರಿಯ ಮಗ ಹುಟ್ಟಿದ್ದು ಪೋರ್ತುಗೀಜರ ನೆಲದಲ್ಲಿ, ಅವನ ಬೆನ್ನಿಗೆ ಹುಟ್ಟಿದ ತಮ್ಮತಂಗಿಯರು ಮುಂಬಯಿ ಪ್ರಾಂತದಲ್ಲಿ! ಆಗ ಇದನ್ನು ಯಾರೂ ಮನಸ್ಸಿಗೆ ಹಚ್ಚಿಕೊಂಡವರಲ್ಲ.

ಹಚ್ಚಿಕೊಳ್ಳಬೇಕಾಗಿ ಬಂದದ್ದು 1954ರ ನಂತರ. ಗೋವಾ ವಿಮೋಚನೆಯ ಚಳವಳಿಗೆ ನಮ್ಮ ಪುಣೆಯೇ ದೊಡ್ಡ ಠಾಣೆಯಾಗಿತ್ತು. 1955ರ ಮೇ ತಿಂಗಳಲ್ಲಿ ನಾನಾಸಾಹೇಬ ಗೋರೆ, ಸೇನಾಪತಿ ಬಾಪಟ ಮುಂತಾದವರು, ಬಳಿಕ ಕರ್ನಾಟಕದ ಜಗನ್ನಾಥರಾವ್ ಜೋಶಿಯವರು ಸತ್ಯಾಗ್ರಹಿಗಳೊಡನೆ ಗಡಿ ದಾಟಿದರು. ಆಗಸ್ಟ್ 15ರಂದು ಪೋರ್ತುಗೀಜರು ನಿರಾಯುಧರ ಮೇಲೆ ಗುಂಡು ಹಾರಿಸಿದರು. ಭಾರತ ಸರಕಾರವು ಸಂಬಂಧ ಕಡಿದುಕೊಂಡಿತು. ಕ್ಯಾಸಲ್‌ರಾಕ್ ಮೂಲಕ ಹೋಗುತ್ತಿದ್ದ ರೈಲು ನಿಂತಿತು, ಹೋಗಿಬರಲು ಪರವಾನಗಿ ಬೇಕಾಯಿತು. ರಾಜಕೀಯ ದೃಷ್ಟಿಯಿಂದ ಇದು ಸರಿಯಾದ ಕ್ರಮವೇ. ಆದರೆ ಈ ಕಡೆಗೆ ಕೊಟ್ಟ ಹೆಣ್ಣುಮಕ್ಕಳು ಆರು ವರ್ಷ ತವರಿನ ಬಾಗಿಲು ಕಾಣುವುದು ದುಸ್ತರವಾಯಿತೆಂಬುದನ್ನು ಇತಿಹಾಸದ ಪುಸ್ತಕಗಳು ಬರೆಯುವುದಿಲ್ಲ.

1961ರ ಡಿಸೆಂಬರ್ 19ರ ಸಂಜೆ ಪೋರ್ತುಗೀಜ ಗವರ್ನರ್ ಶರಣಾದನು. ಮರುದಿನದಿಂದ, ಅಂದರೆ ಡಿಸೆಂಬರ್ 20ರಿಂದ, ಗೋವಾ ಭಾರತದ್ದೆಂದು ಸಂವಿಧಾನದ 12ನೆಯ ತಿದ್ದುಪಡಿ ಹೇಳಿತು. ನೆಲ ನಮ್ಮದಾಯಿತು, ಜನ? 1962ರ ಮಾರ್ಚ್ 28ರಂದು ಸರಕಾರವು ಗೋವಾ, ದಮನ್ ಮತ್ತು ದಿಯು ಪೌರತ್ವ ಆಜ್ಞೆಯನ್ನು ಹೊರಡಿಸಿತು. ಅದರ ತಿರುಳು ಇಷ್ಟು: 1961ರ ಡಿಸೆಂಬರ್ 20ಕ್ಕೆ ಮೊದಲು ಯಾರು ಅಲ್ಲಿ ಹುಟ್ಟಿದ್ದರೋ, ಅಥವಾ ಯಾರ ತಂದೆತಾಯಿಗಳಲ್ಲಿ ಒಬ್ಬರು, ಇಲ್ಲವೆ ಅಜ್ಜ ಅಜ್ಜಿಯರಲ್ಲಿ ಯಾರಾದರೊಬ್ಬರು ಅಲ್ಲಿ ಹುಟ್ಟಿದ್ದರೋ, ಅವರು ಭಾರತದ ಪೌರರು. ಬೇಡವೆನ್ನುವವರು ಒಂದು ತಿಂಗಳೊಳಗೆ ಬರೆದುಕೊಡಬೇಕು.

ಈ ಆಜ್ಞೆಯ ಔದಾರ್ಯವನ್ನು ನಾವು ಸಾಕಷ್ಟು ಗುರುತಿಸಿಲ್ಲವೆಂದು ನನ್ನ ಅಭಿಪ್ರಾಯ. ಅದೇ ಕಾಲದಲ್ಲಿ 1955ರ ಪೌರತ್ವ ಅಧಿನಿಯಮದ 4ನೆಯ ಕಲಮು, ಹೊರದೇಶದಲ್ಲಿ ಹುಟ್ಟಿದ ಮಗುವಿಗೆ ತಂದೆ ಭಾರತೀಯನಾಗಿದ್ದರೆ ಮಾತ್ರ ಪೌರತ್ವ ಎನ್ನುತ್ತಿತ್ತು. ತಾಯಿಯ ಹೆಸರು ಅದರಲ್ಲಿ ಸೇರಿದ್ದು 1992ರ ಡಿಸೆಂಬರ್ 10ರಿಂದ. ಗೋವೆಯವರ ಮಟ್ಟಿಗೆ ತಾಯಿಗೂ ಅಜ್ಜಿಗೂ ಮೂವತ್ತು ವರ್ಷ ಮೊದಲೇ ಲೆಕ್ಕ ಸಿಕ್ಕಿತ್ತು.

ಬೇಡವೆಂದು ಬರೆದುಕೊಟ್ಟವರೂ ಇದ್ದರು. ಪಾದ್ರಿ ಮೊಂತೇರೊ ಎಂಬವರು ಪೋರ್ತುಗೀಜ ಪೌರತ್ವವನ್ನೇ ಉಳಿಸಿಕೊಂಡು, 1964ರಲ್ಲಿ ವಾಸದ ಅವಧಿ ಮುಗಿದ ಮೇಲೂ ಊರು ಬಿಡಲಿಲ್ಲ. ಹುಟ್ಟಿದ ನೆಲದಲ್ಲೇ ಅವರ ಮೇಲೆ ವಿದೇಶೀಯರ ಅಧಿನಿಯಮದ ಮೊಕದ್ದಮೆ ನಡೆಯಿತು. 1969ರ ಮಾರ್ಚ್‌ನಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ಅವರು ಮೇಲ್ಮನವಿಯನ್ನು ತಳ್ಳಿಹಾಕಿದರು.

ಕಾನೂನೇನೋ ಸುಲಭ. ಕಷ್ಟವಿರುವುದು ‘ಅಲ್ಲಿ ಹುಟ್ಟಿದ್ದು’ ಎಂದು ತೋರಿಸುವುದರಲ್ಲಿ. ಕ್ರೈಸ್ತರಿಗೆ ಚರ್ಚಿನ ದೀಕ್ಷಾಸ್ನಾನದ ಪುಸ್ತಕಗಳು ಹಿಂದಿನಿಂದಲೂ ಇದ್ದವು. ಹಿಂದೂಗಳ ಜನನವು ಕ್ರಮವಾಗಿ ಸರಕಾರಿ ಪುಸ್ತಕಕ್ಕೆ ಬರತೊಡಗಿದ್ದು 1910ರಲ್ಲಿ ಪೋರ್ತುಗಲ್ ಗಣರಾಜ್ಯವಾದ ನಂತರದ ಕಾಲದಲ್ಲಿ. ಊರಿನ ಕಮ್ಯುನಿದಾದ್ ಎಂಬ ಗ್ರಾಮಸಂಸ್ಥೆಯ ಪಟ್ಟಿಗಳಲ್ಲಿ ಗಾಂವಕಾರರ ಹೆಸರುಗಳಿವೆ, ಆದರೆ ಅದು ಗಂಡಸರ ಪಟ್ಟಿ. ಇನ್ನು ಬರಹವೋ, ಪೋರ್ತುಗೀಜ ಭಾಷೆಯಲ್ಲಿ. ಪ್ರಭು ಅಲ್ಲಿ ‘ಪೊರೊಬೊ’, ಶೆಣೈ ‘ಸಿನಾಯ್’, ಕಾಮತ ‘ಕಾಮೊತಿಂ’. ಅದೇ ಮನೆತನದ ಕಾರವಾರದ ಕಾಗದಗಳು ಮೋಡಿಯಲ್ಲೋ ಕನ್ನಡದಲ್ಲೋ ಇರುತ್ತವೆ. ಎರಡನ್ನೂ ಪಕ್ಕದಲ್ಲಿಟ್ಟು, ಇವರೂ ಅವರೂ ಒಬ್ಬರೇ ಎಂದು ಮೂರನೆಯ ಊರಿನ ಗುಮಾಸ್ತನಿಗೆ ನಂಬಿಸಬೇಕು.

ಇದರಲ್ಲಿ ಸಮಾಧಾನದ ಮಾತೂ ಒಂದಿದೆ. 1950ರ ಜನವರಿ 26ರಿಂದ 1987ರ ಜೂನ್ 30ರವರೆಗೆ ಭಾರತದ ನೆಲದಲ್ಲಿ ಹುಟ್ಟಿದವರು, ರಾಯಭಾರಿಗಳ ಮಕ್ಕಳಂಥ ಕೆಲವರನ್ನು ಬಿಟ್ಟರೆ, ತಂದೆತಾಯಿ ಯಾರೇ ಇರಲಿ, ಹುಟ್ಟಿನಿಂದಲೇ ಪೌರರು. ಕಾರವಾರದಲ್ಲಿ ಹುಟ್ಟಿದ ತಮ್ಮನಿಗೆ ಇಷ್ಟೇ ಸಾಕು. ತವರಿನಲ್ಲಿ ಹುಟ್ಟಿದ ಅಣ್ಣನಿಗೆ ಬೇಕಾಗುವುದು ತಾನು ಅಲ್ಲಿ ಹುಟ್ಟಿದ್ದರ ಕಾಗದ. ತಂದೆಯ ಅಥವಾ ತಾಯಿಯ ಕಾಗದ ಬೇಕಾಗುವುದು 1987ರ ಜುಲೈ 1ರಿಂದೀಚೆಗೆ ಹುಟ್ಟಿದವರಿಗೆ, ಏಕೆಂದರೆ ಅಂದಿನಿಂದ ತಂದೆತಾಯಿಗಳಲ್ಲಿ ಒಬ್ಬರಾದರೂ ಭಾರತೀಯರೆಂದು ತೋರಿಸಬೇಕಾಯಿತು. 2004ರ ಡಿಸೆಂಬರ್ 3ರಿಂದ ನಿಯಮ ಇನ್ನೂ ಬಿಗಿಯಾಗಿದೆ.

ಈಚೆಗೆ ತರುಣರು ಅದೇ ಹಳೆಯ ಪುಸ್ತಕವನ್ನು ಬೇರೆ ಕಾರಣಕ್ಕೆ ಹುಡುಕುತ್ತಾರೆ. 1974ರ ಡಿಸೆಂಬರ್ 31ರ ಒಪ್ಪಂದದಲ್ಲಿ ಪೋರ್ತುಗಲ್ ಗೋವೆಯ ಮೇಲಿನ ಭಾರತದ ಸಾರ್ವಭೌಮತ್ವವನ್ನು ಒಪ್ಪಿತು. ಆದರೆ ಅಲ್ಲಿ ಮೊದಲು ಹುಟ್ಟಿದವರು ತನ್ನ ಪ್ರಜೆಗಳೆಂಬ ವಾದವನ್ನು ಬಿಡಲಿಲ್ಲ. ತಾಯಿಯ ಜನನವನ್ನು ಮೊದಲು ಲಿಸ್ಬನ್ನಿನಲ್ಲಿ ದಾಖಲಿಸಿ, ಅದರ ಆಧಾರದ ಮೇಲೆ ಮಕ್ಕಳು ಯುರೋಪಿನ ಪಾಸ್‌ಪೋರ್ಟ್ ಪಡೆಯುವುದು ಬಹಳ ವರ್ಷಗಳಿಂದ ನಡೆದುಬಂದಿದೆ. ಹೋಗುವವರನ್ನು ನಾನು ದೂಷಿಸುವವನಲ್ಲ; ಹೊಟ್ಟೆಪಾಡಿಗಾಗಿ ನಾವೂ ಊರು ಬಿಟ್ಟು ಪುಣೆಗೆ ಬಂದವರೇ. ಆದರೆ ನಮ್ಮ ಸಂವಿಧಾನದ 9ನೆಯ ಅನುಚ್ಛೇದವೂ ಪೌರತ್ವ ಅಧಿನಿಯಮದ 9ನೆಯ ಕಲಮೂ ಎರಡು ದೇಶದ ಪೌರತ್ವವನ್ನು ಒಪ್ಪುವುದಿಲ್ಲ. ಭಾರತದ ಪಾಸ್‌ಪೋರ್ಟ್ ರದ್ದಾದವರು ಒಸಿಐ ಕಾರ್ಡಿಗೂ ಪರದಾಡಿದರು. 2024ರ ಏಪ್ರಿಲ್‌ನಲ್ಲಿ ವಿದೇಶಾಂಗ ಸಚಿವಾಲಯವು ರದ್ದತಿಯ ಪತ್ರವನ್ನೇ ಅದಕ್ಕೆ ಒಪ್ಪಿಕೊಂಡಿತು. ಸಹಿ ಹಾಕುವ ಮುಂಚೆ ಮನೆಯ ಹಿರಿಯರಿಗೆ ಇದನ್ನು ತಿಳಿಸಿಹೇಳುವುದು ಅಗತ್ಯ. ಎಷ್ಟೋ ಕಡೆ ಮೊದಲು ದಾಖಲಾಗಬೇಕಾದದ್ದು ಅವರ ಹೆಸರೇ.

ಹುಡುಕಹೊರಟವರಿಗೆ ಒಂದು ಸೂಚನೆ. ಆ ಕಡೆ ಮದುವೆಯಲ್ಲಿ ಹುಡುಗಿಯ ಹೆಸರನ್ನೇ ಬದಲಿಸುವ ಪದ್ಧತಿಯಿತ್ತು. ಅಡ್ಡಹೆಸರಷ್ಟೇ ಅಲ್ಲ, ಇಟ್ಟ ಹೆಸರೂ ಹೋಗುತ್ತಿತ್ತು. ರೇಷನ್ ಕಾರ್ಡಿನಲ್ಲಿರುವ ಅಜ್ಜಿಯ ಹೆಸರು ಹಿಡಿದುಕೊಂಡು ಕಾಣಕೋಣದ ನೋಂದಣಿ ಕಚೇರಿಗೆ ಹೋದರೆ ಆ ಹೆಸರಿನವರು ಹುಟ್ಟಿಯೇ ಇಲ್ಲ ಎನ್ನುತ್ತಾರೆ. ತವರಿನ ಹೆಸರು, ಅವರ ತಂದೆಯ ಹೆಸರು, ಅಣ್ಣತಮ್ಮಂದಿರ ಹೆಸರುಗಳನ್ನು ಕೇಳಿ ಬರೆದುಕೊಂಡು ಹೋಗಬೇಕು. ಅಣ್ಣನ ಜನನದ ದಾಖಲೆ ಸಿಕ್ಕರೂ ಅದೇ ತಂದೆತಾಯಿಯ ಹೆಸರಿನ ಎಳೆ ಹಿಡಿಯಬಹುದು. ಮದುವೆ ಅಲ್ಲಿಯೇ ನೋಂದಣಿಯಾಗಿದ್ದರೆ ಇನ್ನೂ ಒಳ್ಳೆಯದು. ಇವೆಲ್ಲವನ್ನೂ ಅಜ್ಜಿಗೆ ನೆನಪಿರುವಾಗಲೇ ಕೇಳಿಡಬೇಕು.