ಮರದ ಸ್ಕರ್ಟಿಂಗ್‌ನ ವರ್ಣಲೇಪನ

ಗೋಡೆಯ ಬುಡದಲ್ಲಿ ನೆಲಕ್ಕೆ ತಾಗಿದಂತೆ ಕೂರಿಸುವ ಮರದ ಪಟ್ಟಿಯನ್ನು ಸ್ಕರ್ಟಿಂಗ್ ಎನ್ನುತ್ತಾರೆ. ಮರದ ಎಳೆಗಳು ಮರೆಯಾಗದಂತೆ ಈ ಪಟ್ಟಿಗೆ ಸ್ಟೇನ್ ಎಂಬ ತೆಳುವಾದ ಬಣ್ಣವನ್ನು ಹೀರಿಸುವ ಕ್ರಿಯೆಯೇ ಸ್ಕರ್ಟಿಂಗ್‌ನ ವರ್ಣಲೇಪನ. ಮರದ ನೆಲಹಾಸಿಗೆ ಪಟ್ಟಿಯ ಬಣ್ಣವನ್ನು ಹೊಂದಿಸುವುದು ಇದರ ಉದ್ದೇಶ. ಮೇಲ್ಮೈಯಲ್ಲಿ ಪದರವಾಗಿ ನಿಲ್ಲುವ ಪೇಂಟ್‌ಗಿಂತ ಸ್ಟೇನ್ ಭಿನ್ನವಾದುದು. ಒಮ್ಮೆ ಆಳಕ್ಕಿಳಿದ ಸ್ಟೇನನ್ನು ತಿಳಿಗೊಳಿಸಲು ಸಾಮಾನ್ಯವಾಗಿ ಮರವನ್ನೇ ಉಜ್ಜಿ ತೆಗೆಯಬೇಕಾಗುತ್ತದೆ.

ಹಿನ್ನೆಲೆ

ಬೆಂಗಳೂರಿನ ಹಳೆಯ ಮನೆಗಳಲ್ಲಿ ರೆಡ್ ಆಕ್ಸೈಡ್ ಅಥವಾ ಕಲ್ಲಿನ ನೆಲವಿದ್ದು, ಸ್ಕರ್ಟಿಂಗ್ ಕೂಡ ಅದೇ ವಸ್ತುವಿನದಾಗಿರುವುದು ವಾಡಿಕೆ. ಹೆಬ್ಬಾಳ, ಯಲಹಂಕ ಮುಂತಾದೆಡೆಯ ಹೊಸ ಅಪಾರ್ಟ್‌ಮೆಂಟ್‌ಗಳಲ್ಲಿ ಮಲಗುವ ಕೋಣೆಗಳಿಗೆ ಮರದ ನೆಲಹಾಸು ಬಳಸುವುದುಂಟು. ಮರವು ತೇವಕ್ಕೆ ಹಿಗ್ಗುವುದರಿಂದ ನೆಲಹಾಸಿಗೂ ಗೋಡೆಗೂ ನಡುವೆ ಸುಮಾರು 10 ಮಿ.ಮೀ. ಸಂದು ಬಿಡಲಾಗುತ್ತದೆ. ಈ ಸಂದನ್ನು ಮುಚ್ಚುವ ಪಟ್ಟಿಯನ್ನು ಗೋಡೆಗೆ ಬಿಗಿಯಬೇಕೇ ಹೊರತು ನೆಲಹಾಸಿಗಲ್ಲ.

ಮರದ ಗುಣಗಳ ಅಧ್ಯಯನಕ್ಕೆ ನಗರದಲ್ಲಿ ದೀರ್ಘ ಇತಿಹಾಸವಿದೆ. ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯ ಮೂಲವು 1938ರಲ್ಲಿ ಮೈಸೂರು ಸಂಸ್ಥಾನ ಆರಂಭಿಸಿದ ಅರಣ್ಯ ಸಂಶೋಧನಾ ಪ್ರಯೋಗಾಲಯ. ಪ್ಲೈವುಡ್ ಉದ್ಯಮದ ಸಂಶೋಧನೆಗೆಂದು 1962ರಲ್ಲಿ ಸ್ಥಾಪನೆಯಾದ ಸಂಸ್ಥೆಯ ಆವರಣವು ಯಶವಂತಪುರದ ಬಳಿ ತುಮಕೂರು ರಸ್ತೆಯಲ್ಲಿದೆ.

ಬಣ್ಣದ ಹೊಂದಾಣಿಕೆ

ಒಂದೇ ಡಬ್ಬಿಯ ಸ್ಟೇನ್ ಬೇರೆ ಬೇರೆ ಮರಗಳ ಮೇಲೆ ಬೇರೆ ಬೇರೆ ಬಣ್ಣ ತೋರುತ್ತದೆ. ತೇಗದಲ್ಲಿನ ಎಣ್ಣೆಯಂಶ ಲೇಪನ ಒಣಗುವುದನ್ನು ತಡೆಯಬಹುದು. ಪೈನ್ ಮರವು ಒಂದೇ ಸಮನಾಗಿ ಹೀರದೆ ಮಚ್ಚೆಗಟ್ಟುತ್ತದೆ. ಎಂಡಿಎಫ್ ಹಲಗೆಯಲ್ಲಿ ಎಳೆಗಳೇ ಇಲ್ಲದಿರುವುದರಿಂದ ಅದಕ್ಕೆ ಪೇಂಟ್ ಅಥವಾ ವೆನೀರ್ ಹೊದಿಕೆ ಸೂಕ್ತ. ಒರಟಾಗಿ ಉಜ್ಜಿದ ಮರ ಹೆಚ್ಚು ಗಾಢವಾಗಿಯೂ ನುಣ್ಣಗೆ ಉಜ್ಜಿದ್ದು ತಿಳಿಯಾಗಿಯೂ ಕಾಣುತ್ತದೆ.

ಆದ್ದರಿಂದ ಪಟ್ಟಿಯದೇ ತುಂಡಿನ ಮೇಲೆ ಸ್ಟೇನ್ ಹಾಗೂ ಮೇಲ್ಲೇಪ ಎರಡನ್ನೂ ಹಚ್ಚಿ, ನೆಲದ ಪಕ್ಕದಲ್ಲಿಟ್ಟು, ಹಗಲಿನ ಬೆಳಕಿನಲ್ಲಿಯೂ ದೀಪದ ಬೆಳಕಿನಲ್ಲಿಯೂ ನೋಡುವುದು ಅವಶ್ಯ. ಬೆಳಕಿಗೆ ಮರದ ಬಣ್ಣ ಕಾಲಕ್ರಮೇಣ ಬದಲಾಗುವುದರಿಂದ ಹಳೆಯ ನೆಲಕ್ಕೆ ಅದರ ಈಗಿನ ಬಣ್ಣವನ್ನೇ ಆಧಾರವಾಗಿಟ್ಟುಕೊಳ್ಳಲಾಗುತ್ತದೆ. ನಿಖರ ಹೊಂದಾಣಿಕೆ ಸಾಧ್ಯವಾಗದಿದ್ದಲ್ಲಿ ನೆಲಕ್ಕಿಂತ ಸ್ಪಷ್ಟವಾಗಿ ಗಾಢವಾದ ಛಾಯೆಯನ್ನು ಆರಿಸುವುದುಂಟು.

ವಿಧಾನ

* ಒಣಗಿದ ಪಟ್ಟಿಯನ್ನು 120, 180, 220 ಸಂಖ್ಯೆಯ ಸ್ಯಾಂಡ್‌ಪೇಪರ್‌ಗಳಿಂದ ಕ್ರಮವಾಗಿ, ಎಳೆಗಳ ದಿಕ್ಕಿನಲ್ಲಿ ಉಜ್ಜಿ ಧೂಳನ್ನು ಒರೆಸಲಾಗುತ್ತದೆ.
* ಸ್ಟೇನನ್ನು ಬಟ್ಟೆ ಅಥವಾ ಬ್ರಷ್‌ನಿಂದ ಹಚ್ಚಿ, ಕೆಲ ನಿಮಿಷಗಳ ಬಳಿಕ ಹೆಚ್ಚಾದುದನ್ನು ಒರೆಸಲಾಗುತ್ತದೆ.
* ಕತ್ತರಿಸಿದ ತುದಿಗಳು ಹೆಚ್ಚು ಹೀರುವುದರಿಂದ ಅಲ್ಲಿ ಕಡಿಮೆ ಹಚ್ಚಬೇಕು.
* ಸ್ಟೇನ್ ಪೂರ್ಣ ಒಣಗಿದ ನಂತರ ಪಾರದರ್ಶಕ ಮೇಲ್ಲೇಪ ಕೊಡಲಾಗುತ್ತದೆ.

ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಮಾಡುವ ಫ್ರೆಂಚ್ ಪಾಲಿಶ್ ಹೊಳಪು ಕೊಟ್ಟರೂ ನೀರು ಬಿದ್ದೆಡೆ ಬೆಳ್ಳಗಾಗುತ್ತದೆ. ನಿತ್ಯ ನೆಲ ಒರೆಸುವ ಮನೆಗಳಲ್ಲಿ ಪಾಲಿಯುರೆಥೇನ್ ಲೇಪ ಹೆಚ್ಚು ಬಾಳುತ್ತದೆ. ಪಟ್ಟಿಯ ಹಿಂಬದಿಗೂ ಲೇಪ ಕೊಟ್ಟರೆ ಗೋಡೆಯ ತೇವದಿಂದ ಅದು ಸೊಟ್ಟಗಾಗುವುದು ಕಡಿಮೆಯಾಗುತ್ತದೆ.

ಎಚ್ಚರಿಕೆ

ಅಗಸೆ ಎಣ್ಣೆಯಂತಹ ಒಣಗುವ ಎಣ್ಣೆಗಳಿರುವ ಸ್ಟೇನ್ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ರಾಶಿ ಹಾಕಬಾರದು. ಎಣ್ಣೆಯು ಗಾಳಿಯಲ್ಲಿನ ಆಮ್ಲಜನಕದೊಂದಿಗೆ ವರ್ತಿಸುವಾಗ ಶಾಖ ಹುಟ್ಟಿ, ಕಿಡಿಯಿಲ್ಲದೆಯೂ ಅವು ಹೊತ್ತಿಕೊಳ್ಳಬಲ್ಲವು. ಅವುಗಳನ್ನು ಹೊರಗೆ ಬಿಡಿಬಿಡಿಯಾಗಿ ಹರಡಿ ಒಣಗಿಸಬೇಕು. ಕೆಲಸ ನಡೆಯುವಾಗ ಕಿಟಕಿಗಳನ್ನು ತೆರೆದಿಡುವುದೂ ಅಗತ್ಯ.