ಬೆಂಕಿ ಆರಿದ ಮೇಲೆ ಪಟ್ಟಿ ಬರೆದವರು ಯಾರು?



ಪೋಸ್ಟ್ ಉದ್ದ ಇದೆ. ಪುರುಸೊತ್ತು ಮಾಡಿಕೊಂಡು ಓದಿ.

ಪ್ರತಿ ಬೇಸಿಗೆಯಲ್ಲೂ ಕಾಡಿಗೆ ಬೆಂಕಿ ಬಿದ್ದ ಫೋಟೊ ಬಂದ ಕೂಡಲೇ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಮಾತು ಓಡಾಡುತ್ತೆ. ಬೆಂಕಿಗೆ ಜಾತಿ ಇಲ್ಲ, ಕಷ್ಟದಲ್ಲಿ ಎಲ್ಲರೂ ಒಂದೇ ಅಂತ. ನೆರೆ ಬಂದಾಗಲೂ ಇದೇ ಮಾತು, ಬೆಂಕಿಯ ಜಾಗದಲ್ಲಿ ನೀರು ಅಷ್ಟೇ. 2000ದ ಮಾರ್ಚ್‌ನಲ್ಲಿ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಜೀವಂತ ಸುಟ್ಟದ್ದು ನೆನಪಿರುವವರಿಗೆ ಈ ಮಾತಿನ ಮೊದಲರ್ಧವೂ ಪೂರ್ತಿ ನಿಜ ಅಲ್ಲ. ಆದರೆ ಇವತ್ತು ನಾನು ಮಾತಾಡಬೇಕಿರುವುದು ಎರಡನೇ ಅರ್ಧದ ಬಗ್ಗೆ. ಕಷ್ಟದಲ್ಲಿ ಎಲ್ಲರೂ ಒಂದೇನಾ? ಇದಕ್ಕೆ ಉತ್ತರ ಹುಡುಕಲು ಸ್ವಲ್ಪ ದೂರ, ಆಸ್ಟ್ರೇಲಿಯಾಕ್ಕೆ ಹೋಗಿ ಬರೋಣ.

2019ರ ಕೊನೆ, 2020ರ ಶುರು. ನಮಗೆ ಚಳಿಗಾಲ, ಅವರಿಗೆ ಬೇಸಿಗೆ. ಆ ಬೇಸಿಗೆಯನ್ನು ಅಲ್ಲಿನ ಜನ ಈಗಲೂ 'ಕಪ್ಪು ಬೇಸಿಗೆ' ಅಂತಲೇ ಕರೀತಾರೆ. ಆ ದೇಶದಲ್ಲಿ ದಾಖಲೆ ಇಡಲು ಶುರು ಮಾಡಿದ ಮೇಲೆ 2019ರಷ್ಟು ಬಿಸಿಯಾದ, ಒಣಗಿದ ವರ್ಷ ಇನ್ನೊಂದು ಬಂದಿರಲಿಲ್ಲ. ನಮ್ಮದೇ ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಬೆಚ್ಚಗಾಗಿ, ಪೂರ್ವ ಭಾಗ ತಣ್ಣಗಾಗಿತ್ತು. ಹಾಗಾದಾಗ ಪೂರ್ವ ಆಫ್ರಿಕಾದಲ್ಲಿ ನೆರೆ ಬರುತ್ತೆ, ಆಸ್ಟ್ರೇಲಿಯಾಕ್ಕೆ ಮಳೆ ತಪ್ಪುತ್ತೆ. ಅದೇ ಆಯಿತು. ಇನ್ನು ಅಲ್ಲಿನ ಕಾಡು ಅಂದರೆ ಬಹುಪಾಲು ನೀಲಗಿರಿ ಮರ. ಕೋಲಾರದ ಕಡೆ ತೋಪು ಮಾಡಿ ಬೆಳೆಸಿದ್ದಾರಲ್ಲ, ಅದರ ತವರು ಆಸ್ಟ್ರೇಲಿಯಾನೇ. ಎಲೆಯಲ್ಲಿ ಎಣ್ಣೆ ಇರುವ ಮರ. ಒಣಗಿದ ಮೇಲೆ ಕಿಡಿಯೊಂದು ಸಾಕು. ಅಕ್ಟೋಬರ್ 26ರಂದು ಗಾಸ್ಪರ್ಸ್ ಬೆಟ್ಟದಲ್ಲಿ ಸಿಡಿಲಿನಿಂದ ಹತ್ತಿದ ಒಂದೇ ಬೆಂಕಿ 5 ಲಕ್ಷ ಹೆಕ್ಟೇರಿಗಿಂತ ಹೆಚ್ಚು ಕಾಡು ಸುಟ್ಟಿತು. ಆ ಋತುವಿನಲ್ಲಿ ದೇಶದಾದ್ಯಂತ ಸುಟ್ಟದ್ದು 2 ಕೋಟಿ 40 ಲಕ್ಷ ಹೆಕ್ಟೇರಿಗಿಂತ ಹೆಚ್ಚು. ಸತ್ತವರು 33 ಜನ, ಅದರಲ್ಲಿ 9 ಜನ ಬೆಂಕಿ ಆರಿಸಲು ಹೋದವರು. 3,000ಕ್ಕೂ ಹೆಚ್ಚು ಮನೆಗಳು ಬೂದಿ. ಹೊಗೆ ಕುಡಿದು ಸತ್ತವರು 400ಕ್ಕೂ ಹೆಚ್ಚು ಅಂತ ಆಮೇಲೆ ಸಂಶೋಧಕರು ಅಂದಾಜು ಮಾಡಿದರು.

ಮೊದಲು ಒಳ್ಳೆಯದನ್ನು ಹೇಳ್ತೀನಿ. ಅದನ್ನು ಮುಚ್ಚಿಟ್ಟು ತಕರಾರು ಮಾತ್ರ ಎತ್ತಿದರೆ ಅನ್ಯಾಯ ಆಗುತ್ತೆ.

ನ್ಯೂ ಸೌತ್ ವೇಲ್ಸ್ ರಾಜ್ಯದ ಹಳ್ಳಿಗಾಡಿನಲ್ಲಿ ಬೆಂಕಿ ಆರಿಸುವವರು ಹೆಚ್ಚಾಗಿ ಸಂಬಳದ ನೌಕರರಲ್ಲ. ಸುಮಾರು 70,000 ಸ್ವಯಂಸೇವಕರ ಪಡೆ ಅದು. ರೈತರು, ಮೆಕ್ಯಾನಿಕ್‌ಗಳು, ಮೇಷ್ಟ್ರುಗಳು, ಅಂಗಡಿಯವರು. ವಾರಗಟ್ಟಲೆ ದುಡಿಮೆ ಬಿಟ್ಟು ಬೆಂಕಿಯ ಎದುರು ನಿಂತರು. ಡಿಸೆಂಬರ್ 19ರ ರಾತ್ರಿ ಅವರಲ್ಲಿ ಇಬ್ಬರು ಲಾರಿ ಮಗುಚಿ ಸತ್ತರು. ಇಬ್ಬರಿಗೂ ಪುಟ್ಟ ಮಕ್ಕಳಿದ್ದವು. ಆಗ ಪ್ರಧಾನಿ ಸ್ಕಾಟ್ ಮಾರಿಸನ್ ಹವಾಯಿಯಲ್ಲಿ ರಜೆಯಲ್ಲಿದ್ದರು. ಜನ ಉಗಿದ ಮೇಲೆ ವಾಪಸ್ ಬಂದರು. ಆಮೇಲೆ ಡಿಸೆಂಬರ್ 29ಕ್ಕೆ, ದುಡಿಮೆ ಕಳಕೊಂಡ ಸ್ವಯಂಸೇವಕರಿಗೆ 6,000 ಡಾಲರ್‌ವರೆಗೆ ಕೊಡ್ತೀವಿ ಅಂತ ಘೋಷಣೆ ಆಯಿತು. ಸೇವೆ ಅಂತ ಹೊಗಳುವುದು ಸುಲಭ, ಕೂಲಿ ಅಂತ ಕೊಡುವುದು ಕಷ್ಟ. ಇದು ನಮಗೂ ಗೊತ್ತಿರುವ ವಿಷಯಾನೇ.

ಡಿಸೆಂಬರ್ 31ರ ಬೆಳಗ್ಗೆ ಮಲ್ಲಕೂಟ ಅನ್ನೋ ಕಡಲ ತೀರದ ಊರಿನಲ್ಲಿ ಹಗಲೇ ಕತ್ತಲಾಯಿತು, ಆಮೇಲೆ ಆಕಾಶ ರಕ್ತದ ಬಣ್ಣಕ್ಕೆ ತಿರುಗಿತು. ರಸ್ತೆ ಬಂದ್. ಸುಮಾರು 4,000 ಜನ ಸಮುದ್ರದ ದಡದಲ್ಲಿ ಒತ್ತರಿಸಿಕೊಂಡು ನಿಂತರು. ಬೆಂಕಿ ಹತ್ತಿರ ಬಂದರೆ ನೀರಿಗಿಳಿಯಲು ರೆಡಿಯಾಗಿ. ಗಾಳಿ ದಿಕ್ಕು ಬದಲಿಸಿದ್ದರಿಂದ ಬದುಕಿದರು. ಜನವರಿ 3ರಂದು ನೌಕಾಪಡೆಯ ಹಡಗು ಸಾವಿರಕ್ಕೂ ಹೆಚ್ಚು ಜನರನ್ನು ಹೊತ್ತು ಹೊರಟಿತು.

ಅದೇ ಭಾಗದ ಬೇರ್ನ್ಸ್‌ಡೇಲ್ ಊರಿಗೆ ಮೆಲ್ಬರ್ನ್‌ನಿಂದ ಸಿಖ್ ಸ್ವಯಂಸೇವಕರು ವ್ಯಾನ್ ತುಂಬ ಅಕ್ಕಿ, ಬೇಳೆ ತುಂಬಿಕೊಂಡು ಹೋದರು. ಅಲ್ಲಿನ ಒಂದು ಇಂಡಿಯನ್ ಹೋಟೆಲಿನ ಅಡುಗೆಮನೆಯಲ್ಲೇ ಬೇಯಿಸಿ, ಮನೆ ಬಿಟ್ಟು ಬಂದವರಿಗೆ ದಿನವೂ ಬಿಸಿ ಊಟ ಬಡಿಸಿದರು. ಲಂಗರಿನಲ್ಲಿ ಪಂಕ್ತಿಭೇದ ಇಲ್ಲ. ಅದು ದೊಡ್ಡ ಮಾತು. ಪಂಜಾಬಿನ ಹಳ್ಳಿಗಳಲ್ಲಿ ದಲಿತರಿಗೆ ಬೇರೆ ಗುರುದ್ವಾರ, ಬೇರೆ ಸ್ಮಶಾನ ಇರುವುದೂ ನಿಜ. ಎರಡೂ ನಿಜ, ಒಂದನ್ನು ತೋರಿಸಿ ಇನ್ನೊಂದನ್ನು ಅಳಿಸೋದು ಬೇಡ. ಫಿಜಿಯಂಥ ಪುಟ್ಟ ದೇಶ ತನ್ನ ಸೈನ್ಯದ ಇಂಜಿನಿಯರ್‌ಗಳನ್ನು ಕಳಿಸಿತು, ವನುವಾಟು ಹಣ ಕೊಟ್ಟಿತು. ಸಮುದ್ರ ಏರುತ್ತಿದೆ, ನಾವು ಮುಳುಗ್ತೀವಿ, ಕಲ್ಲಿದ್ದಲು ಕಡಿಮೆ ಮಾಡಿ ಅಂತ ಆಸ್ಟ್ರೇಲಿಯಾವನ್ನು ವರ್ಷಗಟ್ಟಲೆ ಬೇಡಿಕೊಂಡಿದ್ದ ದೇಶಗಳು ಇವು. ಆದರೂ ಕೊಟ್ಟವು.

ಈಗ ಹಣದ ವಿಷಯಕ್ಕೆ ಬರೋಣ. ನಾನು ಕಡತ ನೋಡಿ ಬದುಕುವವನು, ನನ್ನ ಕಣ್ಣು ಅಲ್ಲಿಗೇ ಹೋಗೋದು.

ಸೆಲೆಸ್ಟ್ ಬಾರ್ಬರ್ ಅನ್ನೋ ಹಾಸ್ಯ ಕಲಾವಿದೆ ಫೇಸ್‌ಬುಕ್ಕಿನಲ್ಲಿ ಒಂದು ಚಂದಾ ಶುರು ಮಾಡಿದರು. ಪ್ರಪಂಚದ ಎಲ್ಲ ಕಡೆಯಿಂದ ಜನ ಕೈಲಾದಷ್ಟು ಹಾಕಿದರು. 5 ಕೋಟಿ 10 ಲಕ್ಷ ಡಾಲರ್ ಸೇರಿತು! ಮನೆ ಕಳಕೊಂಡವರಿಗೂ, ಪ್ರಾಣಿಗಳಿಗೂ, ಬೇರೆ ರಾಜ್ಯದವರಿಗೂ ಹಂಚಬಹುದು ಅಂತ ಕೊಟ್ಟವರಲ್ಲಿ ಬಹಳಷ್ಟು ಜನ ನಂಬಿದ್ದರು. ಆದರೆ ಹಣ ಹೋದದ್ದು ನ್ಯೂ ಸೌತ್ ವೇಲ್ಸ್ ಅಗ್ನಿಶಾಮಕ ಪಡೆಯ ಟ್ರಸ್ಟಿಗೆ. ಆ ಟ್ರಸ್ಟಿನ ಪತ್ರದಲ್ಲಿ ಬರೆದಿರುವ ಉದ್ದೇಶಕ್ಕೆ ಮಾತ್ರ ಬಳಸಬೇಕು, ಬೇರೆ ಸಂಸ್ಥೆಗಳಿಗೆ ಕೊಡುವಂತಿಲ್ಲ ಅಂತ 2020ರ ಮೇ ತಿಂಗಳಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿತು. ಯಾರೂ ಕದ್ದಿಲ್ಲ. ಯಾರೂ ಮೋಸ ಮಾಡಿಲ್ಲ. ಆದರೂ ಕೊಟ್ಟವರ ಮನಸ್ಸಿನಲ್ಲಿದ್ದ ಜಾಗಕ್ಕೆ ಹಣ ಪೂರ್ತಿ ತಲುಪಲಿಲ್ಲ. ಕಣ್ಣೀರು ಎಷ್ಟೇ ನಿಜವಾಗಿರಲಿ, ಕೊನೆಗೆ ಅದು ಒಂದು ಕಾಗದದ ಮೂಲಕವೇ ಹಾದು ಹೋಗಬೇಕು. ಆ ಕಾಗದದಲ್ಲಿ ಯಾರ ಹೆಸರಿದೆ ಅನ್ನೋದೇ ಪ್ರಶ್ನೆ.

ಯಾರ ಹೆಸರು ಇರಲಿಲ್ಲ ಅಂತ ನೋಡೋಣ.

ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯ ಸಂಶೋಧಕರು ಲೆಕ್ಕ ಹಾಕಿದರು. ಅವರಲ್ಲಿ ಮೂಲನಿವಾಸಿ ವಿದ್ವಾಂಸರೂ ಇದ್ದರು. ನ್ಯೂ ಸೌತ್ ವೇಲ್ಸ್ ಮತ್ತು ವಿಕ್ಟೋರಿಯಾ ರಾಜ್ಯಗಳ ಜನಸಂಖ್ಯೆಯಲ್ಲಿ ಮೂಲನಿವಾಸಿಗಳು ಶೇ 2.3. ಆದರೆ ಬೆಂಕಿ ಬಿದ್ದ ಪ್ರದೇಶಗಳಲ್ಲಿ ಅವರು ಶೇ 5.4. ಆ ಎರಡು ರಾಜ್ಯಗಳ ಮೂಲನಿವಾಸಿಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಜನ ಬೆಂಕಿಯ ಸೀಮೆಯಲ್ಲೇ ಇದ್ದರು. ಅಂದರೆ ಬೆಂಕಿ ಎಲ್ಲರ ಮೇಲೂ ಸಮನಾಗಿ ಬೀಳಲಿಲ್ಲ. ಟಿವಿಯಲ್ಲಿ ಮಾತ್ರ ಅವರು ಹೆಚ್ಚು ಕಾಣಲಿಲ್ಲ. ಕೆಲವು ಆಶ್ರಯ ಕೇಂದ್ರಗಳಲ್ಲಿ ತಮ್ಮನ್ನು ಬೇರೆಯಾಗಿ ನೋಡಿದರು ಅಂತ ಮೂಲನಿವಾಸಿ ಕುಟುಂಬಗಳು ಹೇಳಿಕೊಂಡವು.

ಮೋಗೊ ಅನ್ನೋ ಸಣ್ಣ ಊರಿನ ಕಥೆ ಕೇಳಿ. ಅಲ್ಲೊಂದು ಪ್ರಾಣಿ ಸಂಗ್ರಹಾಲಯ ಇದೆ. ಸಿಬ್ಬಂದಿ ಪ್ರಾಣ ಪಣಕ್ಕಿಟ್ಟು ಪ್ರಾಣಿಗಳನ್ನೆಲ್ಲ ಉಳಿಸಿದರು. ಕೋತಿಗಳನ್ನು, ಕೆಂಪು ಪಾಂಡಾಗಳನ್ನು ತಮ್ಮ ಮನೆಯೊಳಗೇ ಇಟ್ಟುಕೊಂಡರು. ಪ್ರಪಂಚಕ್ಕೆಲ್ಲ ಆ ಸುದ್ದಿ ಹೋಯಿತು, ಹೋಗಬೇಕಾದ್ದೇ. ಅದೇ ದಿನ, ಅದೇ ಊರಿನಲ್ಲಿ ಮೂಲನಿವಾಸಿಗಳ ಭೂಮಿ ಮಂಡಳಿಯ ಕಚೇರಿ ಸುಟ್ಟು ಹೋಯಿತು. 1983ರ ಭೂಹಕ್ಕು ಕಾಯ್ದೆಯಿಂದ, ಹೋರಾಡಿ ಪಡೆದ ಸಂಸ್ಥೆ ಅದು. ಅದು ಎಷ್ಟು ಜನಕ್ಕೆ ಗೊತ್ತಾಯಿತು? ಒಂದು ಭೂಮಿ ಕಚೇರಿ ಸುಡೋದು ಅಂದ್ರೆ ಏನು ಅಂತ ನನ್ನಂಥ ಗುಮಾಸ್ತನಿಗೆ ಯಾರೂ ವಿವರಿಸಿ ಹೇಳಬೇಕಿಲ್ಲ.

ಆಗ ಅವರು ಕೈಕಟ್ಟಿ ಕೂರಲಿಲ್ಲ. ಯೋರ್ಟಾ ಯೋರ್ಟಾ ಸಮುದಾಯದ ಸಂಗೀತಗಾರ ನೀಲ್ ಮಾರಿಸ್ ಮೂಲನಿವಾಸಿಗಳಿಗಾಗಿಯೇ ಒಂದು ಪ್ರತ್ಯೇಕ ನಿಧಿ ಶುರು ಮಾಡಿದರು. ಸ್ವಲ್ಪ ದಿನದಲ್ಲೇ 10 ಲಕ್ಷ ಡಾಲರ್ ದಾಟಿತು. ಪ್ರತ್ಯೇಕ ಯಾಕೆ ಅಂತ ಅಲ್ಲೂ ಕೇಳಿದವರು ಇದ್ದೇ ಇರುತ್ತಾರೆ. ಒಟ್ಟಿಗಿದ್ದಾಗ ತಲುಪಿದ್ದರೆ ಪ್ರತ್ಯೇಕ ಬೇಕಾಗುತ್ತಿರಲಿಲ್ಲ. ನಮ್ಮ ಮೀಸಲಾತಿ ಚರ್ಚೆಗೂ ಇದೇ ಉತ್ತರ.

ಇದು ಆ ಒಂದು ಬೇಸಿಗೆಯಲ್ಲಿ ಶುರುವಾದ ಕಥೆ ಅಲ್ಲ. 1770ರಲ್ಲಿ ಕ್ಯಾಪ್ಟನ್ ಕುಕ್ ಆ ಕರಾವಳಿಯಲ್ಲಿ ಹಡಗು ತಂದಾಗ ದಡದುದ್ದಕ್ಕೂ ಹೊಗೆ ಕಂಡು ಬರೆದಿಟ್ಟ. ಅದು ಮೂಲನಿವಾಸಿಗಳು ಬೇಕೆಂದೇ ಹಚ್ಚುತ್ತಿದ್ದ ಸಣ್ಣ ಬೆಂಕಿ. ತಂಪಿನ ಕಾಲದಲ್ಲಿ, ತುಂಡು ತುಂಡು ಜಾಗದಲ್ಲಿ, ಮೊಣಕಾಲೆತ್ತರ ದಾಟದ ಹಾಗೆ ಒಣ ಹುಲ್ಲು, ತರಗೆಲೆ ಸುಡೋದು. ಪ್ರಾಣಿಗಳಿಗೆ ಓಡಲು ಸಮಯ ಸಿಗುತ್ತೆ, ಮರದ ತಲೆಗೆ ಬೆಂಕಿ ಹತ್ತಲ್ಲ, ಆಮೇಲೆ ಹೊಸ ಚಿಗುರು ಬರುತ್ತೆ. ಸಾವಿರಾರು ವರ್ಷಗಳ ತಿಳಿವಳಿಕೆ. 1788ರಿಂದ ಬಂದು ನೆಲೆಸಿದವರು ಈ ನೆಲ ಯಾರದ್ದೂ ಅಲ್ಲ ಅಂದರು. ಜನರನ್ನು ಕೊಂದರು, ಓಡಿಸಿದರು, ಉಳಿದವರನ್ನು ಮಿಷನ್‌ಗಳಲ್ಲಿ ಕೂಡಿ ಹಾಕಿದರು. ಬೆಂಕಿ ಹಚ್ಚುವ ಕೈ ಹೋಯಿತು, ಕಾಡಿನಲ್ಲಿ ಸೌದೆ ಬೆಳೆಯಿತು. 1939ರ ಜನವರಿಯಲ್ಲಿ 71 ಜನ, 1983ರ ಫೆಬ್ರವರಿಯಲ್ಲಿ 75 ಜನ, 2009ರ ಫೆಬ್ರವರಿ 7ರ ಒಂದೇ ದಿನದ ಬೆಂಕಿಗೆ 173 ಜನ ಸತ್ತರು. ಪ್ರತಿ ಸಲ ವಿಚಾರಣೆ ನಡೆಯಿತು, ವರದಿ ಬಂತು. ನೆಲದ ಮಕ್ಕಳನ್ನು 1967ರ ಜನಮತದವರೆಗೆ ದೇಶದ ಜನಸಂಖ್ಯೆಯ ಲೆಕ್ಕಕ್ಕೇ ಸೇರಿಸುತ್ತಿರಲಿಲ್ಲ ಅಂದಮೇಲೆ ಅವರ ಬೆಂಕಿಯ ತಿಳಿವಳಿಕೆಯನ್ನು ಕೇಳುವವರು ಯಾರು? 2020ರ ರಾಯಲ್ ಕಮಿಷನ್ ವರದಿಯಲ್ಲಿ ಕೊನೆಗೂ ಅದಕ್ಕೊಂದು ಅಧ್ಯಾಯ ಸಿಕ್ಕಿತು.

ಒಂದು ಎಚ್ಚರಿಕೆ. ಸಣ್ಣ ಬೆಂಕಿ ಹಾಕಿದ್ದರೆ ಕಪ್ಪು ಬೇಸಿಗೆ ಬರುತ್ತಲೇ ಇರಲಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅಂಥ ಬಿಸಿಲಿನ ಹಿಂದೆ ಹವಾಮಾನ ಬದಲಾವಣೆ ಇದೆ. ಕಲ್ಲಿದ್ದಲು ಕಂಪನಿಗಳನ್ನು ಕಾಪಾಡಲು ಮೂಲನಿವಾಸಿಗಳ ಹೆಸರು ಬಳಸುವವರೂ ಇದ್ದಾರೆ.

ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರ 'ತರಗು ಬೆಂಕಿ'ಯೂ ಇದೇ ಥರದ್ದು. ಬೇಸಿಗೆ ಬಲಿಯುವ ಮೊದಲೇ ತರಗು ಸುಡ್ತಾ ಇದ್ದರು. 1974ರಲ್ಲಿ ಅಭಯಾರಣ್ಯ ಆಯಿತು, ಬೆಂಕಿ ಹಾಕಿದರೆ ಕೇಸ್. ಆಮೇಲೆ ಲಂಟಾನ ಕಾಡು ತುಂಬಿತು ಅನ್ನೋದು ಸೋಲಿಗ ಹಿರಿಯರ ಮಾತು, ಸಂಶೋಧಕರೂ ಅದನ್ನು ದಾಖಲಿಸಿದ್ದಾರೆ. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ಸೊಪ್ಪಿನ ಕೊಂಬೆ ಹಿಡಿದು ಬಡಿದವರಲ್ಲಿ ಕಾಡಂಚಿನ ಬಡವರೇ ಮುಂದೆ ಇದ್ದರು. ಅವರನ್ನು ಫೈರ್ ವಾಚರ್ ಅಂತಾರೆ. ಕೆಲಸ ಬೇಸಿಗೆಗೆ ಮಾತ್ರ, ಅದೂ ಹಂಗಾಮಿ.

2004ರ ಸುನಾಮಿಯಲ್ಲಿ ನಾಗಪಟ್ಟಣದ ಕಡೆ ದಲಿತರನ್ನು ಪರಿಹಾರ ಶಿಬಿರಗಳಿಂದ ಹೊರಗಿಟ್ಟದ್ದು, ನೀರಿನ ಟ್ಯಾಂಕ್ ಮುಟ್ಟಲು ಬಿಡದೇ ಇದ್ದದ್ದು ದಾಖಲಾಗಿದೆ. ಅದನ್ನು ಓದಿ ನಾನು ಸಿಟ್ಟಾಗಿದ್ದೆ. ಅದಾಗಿ ಕೆಲವು ವರ್ಷಕ್ಕೆ, ಒಂದು ನೆರೆಯ ನಂತರ ಬಿದ್ದ ಮನೆಗಳ ಪಟ್ಟಿ ನನ್ನ ಟೇಬಲ್ಲಿಗೇ ಬಂತು. ಊರಿನ ಹೆಸರುಗಳೆಲ್ಲ ಇದ್ದವು, ಕೇರಿಯವು ಹತ್ತಿರ ಹತ್ತಿರ ಇಲ್ಲವೇ ಇಲ್ಲ. ಕಾರಣ ಸರಳ. ಮನೆ ಸರ್ಕಾರಿ ಜಾಗದಲ್ಲಿದ್ದವು, ಖಾತೆ ಇಲ್ಲ, ಖಾತೆ ಇಲ್ಲದ ಮನೆ ಬಿದ್ದರೂ ಬಿದ್ದಂತಲ್ಲ. ಸಂಜೆಯೊಳಗೆ ಕಳಿಸಬೇಕಿತ್ತು. ಆ ಪಟ್ಟಿ ಟೈಪ್ ಮಾಡಿದವನು ನಾನೇ. ಯಾರನ್ನೂ ಏನೂ ಕೇಳಲಿಲ್ಲ. ವಾರದ ನಂತರ ಕೇರಿಯ ಒಬ್ಬ ಅಜ್ಜಿ ಕಚೇರಿ ಬಾಗಿಲಲ್ಲಿ ನಿಂತು, ನಮ್ಮೋನು ಒಬ್ಬ ಒಳಗವ್ನಂತಲ್ಲಪ್ಪ ಅಂದಳು. ನಾನೇ ಅದು ಅಂತ ಹೇಳಲು ನನಗೆ ಬಾಯಿ ಬರಲಿಲ್ಲ. ಆಮೇಲೆ ಅರ್ಜಿ ಬರೆಸಿದೆವು, ಓಡಾಡಿದೆವು, ಕೆಲವರಿಗೆ ಸಿಕ್ಕಿತು. ಆ ಅಜ್ಜಿಗೆ ಸಿಗುವ ಹೊತ್ತಿಗೆ ಅವಳಿರಲಿಲ್ಲ.

ಅದಕ್ಕೇ ಗೆಳೆಯರೇ, ಈ ಬೇಸಿಗೆಯೋ ಮುಂದಿನ ಮಳೆಗಾಲವೋ, ನೀವು ಅಕ್ಕಿ, ಬಟ್ಟೆ, ಹಣ ಸೇರಿಸಲು ಹೊರಡ್ತೀರಿ. ಹೊರಡಿ. ಬೇರ್ನ್ಸ್‌ಡೇಲ್‌ನಲ್ಲಿ ಅಡುಗೆ ಮಾಡಿದವರು ಯಾರ ಅಪ್ಪಣೆಗೂ ಕಾಯಲಿಲ್ಲ. ಆದರೆ ಜೊತೆಗೆ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಕೇರಿಯಲ್ಲಿ, ಹಾಡಿಯಲ್ಲಿ, ಗುಡಿಸಲಲ್ಲಿ ಎಷ್ಟು ಮನೆ ಅಂತ ನೀವೇ ಎಣಿಸಿ, ಖಾತೆ ಇರಲಿ ಬಿಡಲಿ. ಫೋಟೊ ತೆಗೆದು ದಿನಾಂಕ ಹಾಕಿ. ಸರ್ಕಾರದ ಪಟ್ಟಿ ಬಂದ ದಿನ ಪಕ್ಕದಲ್ಲಿಟ್ಟು ತಾಳೆ ನೋಡಿ. ಹಣ ಯಾವ ಖಾತೆಗೆ ಹೋಗುತ್ತೆ, ಯಾರಿಗೆ ಕೊಡಬಹುದು ಅಂತ ಹಾಕುವ ಮೊದಲೇ ಕೇಳಿ. ಬೆಂಕಿ ಆರಿಸಿದ ಫೈರ್ ವಾಚರ್‌ಗೆ ಕೂಲಿ ಸಿಕ್ಕಿತಾ ಅಂತ ಕೇಳಿ.

ಮತ್ತೆ, ನಿಮ್ಮಲ್ಲಿ ಯಾರಾದರೂ ನನ್ನ ಹಾಗೆ ಒಳಗೆ ಕೂತವರಿದ್ದರೆ, ಟೈಪ್ ಮಾಡುವ ಮೊದಲು ಆ ಪಟ್ಟಿಯನ್ನು ಒಂದು ಸಲ ಪೂರ್ತಿ ಓದಿ.

ಜೈ ಭೀಮ್.